ಓದದೆ ತುಂಬಿದ ಸಿರಿಂಜ್

ವಾರ್ಡಿನಲ್ಲಿ ಔಷಧ ಕೊಡುವ ಮುಂಚೆ "ನೀವು ಲಕ್ಷ್ಮಮ್ಮ ಅಲ್ವಾ?" ಅಂತ ಕೇಳಿದರೆ, ಕಿವಿ ಮಂದವಾದ ಅಜ್ಜಿ ಯಾರೇ ಆಗಿದ್ದರೂ "ಹ್ಞೂಂ" ಅಂದುಬಿಡುತ್ತಾರೆ. ಕೇಳಬೇಕಾದದ್ದು "ನಿಮ್ಮ ಹೆಸರು ಹೇಳಿ ಅಮ್ಮ" ಅಂತ. ಅವರು ಹೇಳಿದ್ದನ್ನು ಕೈಪಟ್ಟಿಯ ಹೆಸರು, ಐಪಿ (ಒಳರೋಗಿ) ನಂಬರ್, ಚಾರ್ಟು ಮೂರಕ್ಕೂ ತಾಳೆ ನೋಡಬೇಕು. ಬೆಡ್ ನಂಬರನ್ನು ಗುರುತು ಅಂತ ಹಿಡಿಯುವ ಹಾಗಿಲ್ಲ. ಫ್ಯಾನಿನ ಗಾಳಿ ಬರಲಿ ಅಂತ ರೋಗಿಗಳೇ ಮಂಚ ಬದಲಿಸಿಕೊಂಡಿರುತ್ತಾರೆ.

ಸರಿಯಾದ ರೋಗಿಗೆ ಸರಿಯಾದ ಔಷಧವೇ ಹೋದರೂ ಅಳತೆ ತಪ್ಪಬಹುದು. ಇನ್ಸುಲಿನ್ನೇ ನೋಡಿ. ನಮ್ಮಲ್ಲಿ ಸೀಸೆಯಲ್ಲಿ ಬರುವುದು ಹೆಚ್ಚಾಗಿ ಮಿ.ಲೀ.ಗೆ 40 ಯೂನಿಟ್‌ನದು, ಪೆನ್ನಿನ ಕಾರ್ಟ್ರಿಜ್ 100 ಯೂನಿಟ್‌ನದು. ಸಿರಿಂಜೂ ಎರಡು ಬಗೆ: ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. 40ರ ಸೀಸೆಯಿಂದ ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಹೋಗುವುದು 8 ಯೂನಿಟ್ ಮಾತ್ರ. ಸಕ್ಕರೆ ಇಳಿಯಲಿಲ್ಲ ಅಂತ ಡೋಸ್ ಏರಿಸುತ್ತಾ ಹೋಗುತ್ತಾರೆ. ಉಲ್ಟಾ ಆದರೆ ಇನ್ನೂ ಕೆಟ್ಟದ್ದು. ಪೆನ್ ಕೆಟ್ಟಿದೆ ಅಂತ ಕಾರ್ಟ್ರಿಜ್‌ಗೆ ಕೆಂಪು ಸಿರಿಂಜ್ ಚುಚ್ಚಿ 20ರವರೆಗೆ ಎಳೆದರೆ 50 ಯೂನಿಟ್ ಹೋಗುತ್ತದೆ. ಮುಚ್ಚಳ ತೆಗೆದ ಮೇಲೆ ಬಣ್ಣ ಎಲ್ಲಿರುತ್ತೆ? ಸಿರಿಂಜಿನ ಮೈಮೇಲಿರುವ ಅಂಕಿಯನ್ನು ಸೀಸೆಯ ಅಂಕಿಯ ಪಕ್ಕ ಹಿಡಿದೇ ಓದಬೇಕು. ಚೀಟಿಯಲ್ಲೂ ಯೂನಿಟ್ ಎಂಬ ಪದವನ್ನು ಪೂರ್ತಿ ಬರೆಯಬೇಕು. ಬರೀ ಇಂಗ್ಲಿಷಿನ ಯು ಅಕ್ಷರ ಗೀಚಿದರೆ ಅದು ಸೊನ್ನೆಯಂತೆ ಕಂಡು 10 ಹೋಗಿ 100 ಆಗುತ್ತದೆ.

ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲನ್ನಂತೂ (ಒಡೆದು ಬಳಸುವ ಪುಟ್ಟ ಸೀಸೆ) ಡಿಸ್ಟಿಲ್ಡ್ ವಾಟರ್ ಇರುವ ಟ್ರೇಯಲ್ಲಿ ಇಡಲೇಬಾರದು. 10 ಮಿ.ಲೀ. ಆಂಪೂಲಿನಲ್ಲಿ 20 ಮಿಲಿಈಕ್ವಿವಲೆಂಟ್ (ಪೊಟ್ಯಾಸಿಯಂ ಅಳೆಯುವ ಮಾನ) ಇರುತ್ತದೆ. ಬೆರೆಸದೆ ರಕ್ತನಾಳಕ್ಕೆ ನೇರ ಪುಶ್ ಕೊಟ್ಟರೆ ಹೃದಯ ನಿಲ್ಲುತ್ತದೆ. 500 ಮಿ.ಲೀ. ಸಲೈನಿಗೆ ಒಂದು ಆಂಪೂಲ್, ವಾರ್ಡಿನಲ್ಲಿ ಗಂಟೆಗೆ 10 ಮಿಲಿಈಕ್ವಿವಲೆಂಟ್‌ಗಿಂತ ಹೆಚ್ಚಲ್ಲ, ಅಂದರೆ ಬಾಟಲಿ ಕನಿಷ್ಠ 2 ಗಂಟೆ ಓಡಬೇಕು. ಸ್ಟ್ಯಾಂಡಿಗೆ ನೇತುಹಾಕಿದ ಬಾಟಲಿಗೆ ಸೇರಿಸಬೇಡಿ: ಅದು ಭಾರಕ್ಕೆ ತಳದಲ್ಲೇ ಕೂತು ಮೊದಲ ಹನಿಗಳಲ್ಲೇ ಗಾಢವಾಗಿ ಇಳಿಯುತ್ತದೆ. ಕೆಳಗಿಳಿಸಿ, ಔಷಧ ಹಾಕಿ, ಹಲವು ಸಲ ತಲೆಕೆಳಗು ಮಾಡಿ ಬೆರೆಸಿ, ಲೇಬಲ್ ಅಂಟಿಸಿ ಆಮೇಲೆ ನೇತುಹಾಕಿ.

ಇನ್ನು ಆಪರೇಷನ್ ಥಿಯೇಟರ್. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ 19 ಅಂಶಗಳ ಸರ್ಜಿಕಲ್ ಚೆಕ್‌ಲಿಸ್ಟ್ ಮೂರು ಹೊತ್ತಿನದು: ಅರಿವಳಿಕೆಗೆ ಮುಂಚೆ, ಕೊಯ್ಯುವ ಮುಂಚೆ, ರೋಗಿ ಹೊರಹೋಗುವ ಮುಂಚೆ. ನವದೆಹಲಿಯೂ ಸೇರಿ 8 ನಗರಗಳ ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗ ಸಾವು ಶೇ. 1.5ರಿಂದ 0.8ಕ್ಕೆ ಇಳಿದಿತ್ತು. ಹೊಲಿಗೆ ಹಾಕುವಾಗ ಮೂಲೆಯಲ್ಲಿ ಕೂತು ಒಟ್ಟಿಗೆ ಟಿಕ್ ಹಾಕಿದರೆ ಆ ಫಲ ಸಿಗುವುದಿಲ್ಲ.

ಎಲ್ಲರೂ ಕೊಯ್ಯುವ ಮುಂಚಿನ ನಿಲುಗಡೆಗೆ ಒತ್ತು ಕೊಡುತ್ತಾರೆ. ಆದರೆ ಸಿಸೇರಿಯನ್‌ನಲ್ಲಿ ಬೆನ್ನಿಗೆ ಅರಿವಳಿಕೆಯ ಸೂಜಿ ಅದಕ್ಕೂ ಮೊದಲೇ ಹೋಗಿರುತ್ತದೆ. ಹೆರಿಗೆಯ ರಕ್ತಸ್ರಾವಕ್ಕೆ ಟ್ರನೆಕ್ಸಾಮಿಕ್ ಆಸಿಡ್ ಬಳಕೆ ಹೆಚ್ಚಿದ ಮೇಲೆ ಅದರ ಆಂಪೂಲ್, ಬೆನ್ನಿಗೆ ಕೊಡುವ ಅರಿವಳಿಕೆ ಔಷಧ ಹೆವಿ ಬುಪಿವಕೇನ್ ಪಕ್ಕದಲ್ಲೇ ಬಂದು ಕೂತಿದೆ. ಎರಡೂ ಬಣ್ಣವಿಲ್ಲದ ದ್ರವ, ಗಾತ್ರವೂ ಹತ್ತಿರಹತ್ತಿರ. ಸ್ಟೆರೈಲ್ ಗ್ಲೌಸ್ ಹಾಕಿದ ಅರಿವಳಿಕೆ ವೈದ್ಯರು ಆಂಪೂಲ್ ಮುಟ್ಟುವಂತಿಲ್ಲ. ಸಹಾಯಕರು ಒಡೆದು ಹಿಡಿಯುತ್ತಾರೆ, ಲೇಬಲ್ ಅವರ ಹೆಬ್ಬೆರಳ ಕೆಳಗೆ ಮುಚ್ಚಿಹೋಗುತ್ತದೆ. ಅದಲುಬದಲಾಗಿ ಟ್ರನೆಕ್ಸಾಮಿಕ್ ಬೆನ್ನಿಗೆ ಹೋದರೆ ಫಿಟ್ಸ್, ಹೃದಯದ ಲಯ ತಪ್ಪುವುದು, ಅನೇಕ ಸಲ ಸಾವು. ಈ ಬಗ್ಗೆ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಎಚ್ಚರಿಕೆ ಹೊರಡಿಸಿತು.

ಹಾಗಾಗಿ ಟ್ರನೆಕ್ಸಾಮಿಕ್ ಆಂಪೂಲನ್ನು ಅರಿವಳಿಕೆ ಟ್ರಾಲಿಯಿಂದ ಹೊರಗೇ ಇಡಿ. ಸಹಾಯಕರು ಒಡೆಯುವ ಮುಂಚೆ ಲೇಬಲನ್ನು ವೈದ್ಯರ ಕಣ್ಣಿಗೆ ತಿರುಗಿಸಿ ಹಿಡಿಯಲಿ, ಇಬ್ಬರೂ ಹೆಸರು ಗಟ್ಟಿಯಾಗಿ ಓದಲಿ. ಒಡೆದ ಆಂಪೂಲನ್ನು ತಕ್ಷಣ ಬುಟ್ಟಿಗೆ ಎಸೆಯಬೇಡಿ. ಕಾಲು ಜೋಮು ಹಿಡಿಯದೆ ಬೆನ್ನು, ಪೃಷ್ಠ ವಿಪರೀತ ನೋಯುತ್ತಿದೆ ಅಂತ ತಾಯಿ ನರಳಿದರೆ ಮೊದಲು ತೆಗೆದು ಓದಬೇಕಾದದ್ದು ಅದೇ ಖಾಲಿ ಆಂಪೂಲನ್ನು.