ಎಲೆ ಉದುರಿದ ಕಾಲದಲ್ಲಿ ರಾಮನದುರ್ಗದ ಏರು

ಸಂಡೂರಿನ ಬೆಟ್ಟಗಳನ್ನು ನೋಡಲು ಜನ ಬರುವುದು ಮಳೆ ಹಿಡಿದ ಮೇಲೆ. 1934ರಲ್ಲಿ ಇಲ್ಲಿಗೆ ಬಂದ ಗಾಂಧೀಜಿಯವರು ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕು ಎಂದರೆಂಬ ಮಾತು ಊರಿನವರ ಬಾಯಲ್ಲಿ ಇಂದಿಗೂ ಇದೆ. ಆ ತಿಂಗಳಲ್ಲಿ ಕುಮಾರಸ್ವಾಮಿ ದೇವಸ್ಥಾನದ ದಾರಿಯುದ್ದಕ್ಕೂ ಕಾರುಗಳು ಸಾಲುಗಟ್ಟಿರುತ್ತವೆ. ಆದರೆ ಈ ಬೆಟ್ಟದ ಮೈಕಟ್ಟು ನೋಡಬೇಕಿದ್ದರೆ ಕಾಡು ಎಲೆ ಉದುರಿಸಿದ ಮೇಲೆ ಬರಬೇಕು ಎಂದು ಸಂಡೂರಿನಲ್ಲಿ ಶಿಕ್ಷಕರಾಗಿರುವ ನನ್ನ ಗೆಳೆಯರು ಬಹಳ ಕಾಲದಿಂದ ಹೇಳುತ್ತಿದ್ದರು. ಬಳ್ಳಾರಿ ಜಿಲ್ಲೆಯ ಬಿಸಿಲು ನಲವತ್ತು ಡಿಗ್ರಿಯನ್ನು ಮುಟ್ಟತೊಡಗಿದ್ದ ಕಾಲ, ಯುಗಾದಿಯ ಬೇವು-ಬೆಲ್ಲ ಮುಗಿದ ವಾರದಲ್ಲಿ ನಾವು ರಾಮನದುರ್ಗವನ್ನು ಕಾಲ್ನಡಿಗೆಯಲ್ಲಿ ಹತ್ತಲು ಹೊರಟೆವು.

ರಾಮಗಡ ಎಂದೂ ಕರೆಯುವ ಈ ದುರ್ಗದ ತಲೆಯ ಮೇಲೆ ಒಂದು ಸಣ್ಣ ಊರಿದೆ, ಅಲ್ಲಿಗೆ ವಾಹನದ ರಸ್ತೆಯೂ ಇದೆ. ನಮಗೆ ಬೇಕಾಗಿದ್ದುದು ಕಣಿವೆಯ ಕಡೆಯಿಂದ ಏರುವ, ಆಡು-ದನ ಮೇಯಿಸುವವರು ಬಳಸುವ ಹಳೆಯ ಕಾಲುದಾರಿ. ಇದು ಮೀಸಲು ಅರಣ್ಯವಾದ್ದರಿಂದ ಅರಣ್ಯ ಇಲಾಖೆಯವರ ಒಪ್ಪಿಗೆ ಪಡೆದು, ದಾರಿ ಬಲ್ಲ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡಿದ್ದೆವು. ಗೆಳೆಯರು ಅವರನ್ನು ಕಾಕಾ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಇನ್ನೂ ಕತ್ತಲಿರುವಾಗಲೇ ಅವರು ನಮ್ಮನ್ನು ಎಬ್ಬಿಸಿ, “ಬಿಸಲೇರೋದ್ರೊಳಗ ಮ್ಯಾಲ ಮುಟ್ಟಬೇಕ್ರಿ ಸರ. ಆಮ್ಯಾಲ ಕಲ್ಲು ಕಾಯ್ತಾವು. ಮ್ಯಾಲಿನ ಬಿಸಲಿಗಿಂತ ಕೆಳಗಿನ ಕಾವು ಕೆಟ್ಟದ್ದು” ಎಂದರು. ಪೂರ್ವಕ್ಕೆ ಮುಖ ಮಾಡಿದ ಇಳಿಜಾರಾದ್ದರಿಂದ ಸೂರ್ಯ ಎದುರಿನ ಬೆಟ್ಟಸಾಲನ್ನು ದಾಟಿದ ಕೂಡಲೇ ಬಿಸಿಲು ನೇರವಾಗಿ ಬೆನ್ನಿಗೆ ಬೀಳುತ್ತದೆ.

ಮೊದಲ ಅರ್ಧ ಗಂಟೆಯ ದಾರಿಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಕಾರೆ, ಬಾರಿಯ ಮುಳ್ಳುಕಂಟಿಗಳು, ಸೀತಾಫಲದ ಬೋಳು ಗಿಡಗಳು, ಅಷ್ಟೆ. ಅದಾದ ಮೇಲೆ ಏರು ಒಮ್ಮೆಲೇ ಕಡಿದಾಗುತ್ತದೆ. ದಿಂಡಿಗ ಮರಗಳು ಒಂದೂ ಎಲೆಯಿಲ್ಲದೆ ನಿಂತಿದ್ದವು, ಅವುಗಳ ನುಣುಪಾದ ಬೂದು ಬಿಳುಪಿನ ಕಾಂಡಗಳು ಅರೆಬೆಳಕಿನಲ್ಲಿಯೂ ದೂರದವರೆಗೆ ಎದ್ದು ಕಾಣುತ್ತಿದ್ದವು. ಮುತ್ತುಗದ ಕೊನೆಯ ಹೂಗಳು ದಾರಿಯಲ್ಲಿ ಉದುರಿ ಬಿದ್ದಿದ್ದವು. ತರಗೆಲೆ ದಪ್ಪನಾಗಿ ಹಾಸಿದ್ದು, ಅದರ ಅಡಿಯಲ್ಲಿ ಗುಂಡಗಿನ ಅದಿರಿನ ಹರಳುಗಳಿರುವುದರಿಂದ ಇಟ್ಟ ಹೆಜ್ಜೆ ಹಿಂದಕ್ಕೆ ಜಾರುತ್ತದೆ. ಕಾಕಾ ಮಾತ್ರ ಪಾದವನ್ನು ಅಡ್ಡಕ್ಕಿಟ್ಟು, ಬೇರು ಕಂಡಲ್ಲಿ ಬೇರನ್ನೇ ಮೆಟ್ಟಿಲಾಗಿ ಮಾಡಿಕೊಂಡು ಒಂದೇ ಲಯದಲ್ಲಿ ಹತ್ತುತ್ತಿದ್ದರು. ಬೀಡಿಯನ್ನು ಅವರು ಊರಿನಲ್ಲಿಯೇ ಬಿಟ್ಟು ಬಂದಿದ್ದರು. ಈ ತರಗೆಲೆಗೆ ಒಂದು ಕಿಡಿ ಬಿದ್ದರೆ ಇಡೀ ಇಳಿಜಾರು ಉರಿಯುತ್ತದೆಂಬುದನ್ನು ಅವರು ಹಿಂದೆ ಕಣ್ಣಾರೆ ಕಂಡವರು.

ಮೊದಲ ನೋಟದ ಜಾಗ ಒಂದು ಚಾಚುಬಂಡೆ. ಅಲ್ಲಿ ಕುಳಿತು ದಣಿವಾರಿಸಿಕೊಳ್ಳುವಾಗ ಕೈಗೆ ಸಿಕ್ಕ ಒಂದು ಕಲ್ಲಿನ ಚೂರನ್ನು ಎತ್ತಿದೆ, ಗಾತ್ರಕ್ಕೆ ಮೀರಿದ ಭಾರ. ಒಡೆದ ಬದಿಯಲ್ಲಿ ಉಕ್ಕಿನ ಬಣ್ಣದ ಕಪ್ಪು ಗೆರೆ, ಅದರ ಮೇಲೆ ಇಟ್ಟಿಗೆ ಕೆಂಪಿನ ಗೆರೆ, ಮತ್ತೆ ಕಪ್ಪು, ಹೀಗೆ ಉಗುರಿನ ದಪ್ಪಕ್ಕಿಂತಲೂ ತೆಳುವಾದ ಪಟ್ಟೆಗಳು ಒಂದರ ಮೇಲೊಂದು ಕೂತಿದ್ದವು. ಸುಮಾರು 270 ಕೋಟಿ ವರ್ಷಗಳ ಹಿಂದೆ ನೀರಿನ ತಳದಲ್ಲಿ ಪದರ ಪದರವಾಗಿ ಇಳಿದ ಕಬ್ಬಿಣ ಮತ್ತು ಸಿಲಿಕಾ ಹೀಗೆ ಕಲ್ಲಾಗಿವೆ. ಆ ಪದರಗಳು ಆಮೇಲೆ ಮಡಿಚಿಕೊಂಡು ಮೇಲೆದ್ದುದರಿಂದ ಈ ಬೆಟ್ಟಸಾಲುಗಳಾಗಿವೆ. ಆ ಮಡಿಕೆ ಬಂಡೆಯ ಮೇಲಿನಿಂದ ಕಣ್ಣಿಗೇ ಕಾಣುತ್ತದೆ. ಎರಡು ಉದ್ದನೆಯ ಬೆಟ್ಟಸಾಲುಗಳ ನಡುವೆ ಕಣಿವೆ ದೋಣಿಯಂತೆ ಚಾಚಿಕೊಂಡಿದೆ, ಅದರೊಳಗೆ ನಾರಿಹಳ್ಳ ಹರಿದು, ಬೆಟ್ಟವನ್ನು ಕೊರೆದ ಗಂಡಿಯ ಮೂಲಕ ಬಯಲಿಗೆ ಇಳಿದು ದರೋಜಿ ಕೆರೆಯತ್ತ ಹೋಗುತ್ತದೆ. ಮಳೆಗಾಲದಲ್ಲಿ ಇಲ್ಲಿಂದ ಕಾಣುವುದು ಒಂದೇ ಹಸಿರು ಮತ್ತು ಅದರ ಮೇಲಿನ ಮಂಜು. ಈಗ ಪ್ರತಿಯೊಂದು ಕೊರಕಲು, ಬಂಡೆಯ ಪ್ರತಿಯೊಂದು ಓರೆ, ಹಳ್ಳದ ಪಾತ್ರದ ಪ್ರತಿಯೊಂದು ತಿರುವು ಬಿಡಿಬಿಡಿಯಾಗಿ ಕಾಣುತ್ತಿತ್ತು.

ಕಾಣಬಾರದೆನಿಸುವುದೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತಿತ್ತು. ಗಣಿಗಾರಿಕೆ ನಡೆದ ಕಡೆಗಳಲ್ಲೆಲ್ಲ ಬೆಟ್ಟದ ತಲೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದಿದ್ದಾರೆ. ಅಲ್ಲಿಂದ ಸುರಿದ ಕೆಮ್ಮಣ್ಣಿನ ರಾಶಿಗಳು ಇಳಿಜಾರಿನಲ್ಲಿ ಕೆಳಗಿನವರೆಗೂ ಹರಿದಿವೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದ ಮೇಲೆ ಎಲೆಗಳ ಮೇಲಿನ ಕೆಂಪು ಧೂಳು ತೊಳೆದುಹೋಯಿತೆಂದೂ, 2013ರ ತೀರ್ಪಿನ ನಂತರ ಒಂದೊಂದೇ ಗಣಿ ತೆರೆದಂತೆ ಅದು ರಸ್ತೆಯಂಚಿನ ಮರಗಳಿಗೆ ಮರಳಿತೆಂದೂ ಗೆಳೆಯರು ಹೇಳಿದರು. ಸ್ವಾಮಿಮಲೈ ಅರಣ್ಯದ ದೇವದಾರಿ ಬೆಟ್ಟದಲ್ಲಿ ಹೊಸ ಗಣಿಯ ಪ್ರಸ್ತಾಪ ಬಂದಾಗ ಸಂಡೂರಿನ ಜನ ವಿರೋಧಿಸಿದ್ದು ಏಕೆಂಬುದು ಈ ಬಂಡೆಯ ಮೇಲೆ ನಿಂತವರಿಗೆ ಯಾರೂ ವಿವರಿಸಬೇಕಾಗಿಲ್ಲ. ಕಬ್ಬಿಣ ಈ ಸೀಮೆಗೆ ಹೊಸದಲ್ಲ. ಸಣ್ಣ ಕುಲುಮೆಗಳಲ್ಲಿ ಇಲ್ಲಿನ ಅದಿರನ್ನು ಕರಗಿಸಿ ಕಮಲಾಪುರದ ಕಮ್ಮಾರರು ಆಲೆಮನೆಗೆ ಕೊಪ್ಪರಿಗೆ ಮಾಡುತ್ತಿದ್ದ ಕಾಲವಿತ್ತು. ಆಗ ಬೆಟ್ಟದಿಂದ ಇಳಿಯುತ್ತಿದ್ದುದು ಜನ ಮತ್ತು ದನ ಹೊರಬಲ್ಲಷ್ಟು ಅದಿರು.

ಅಲ್ಲಿಂದ ಮೇಲಿನ ಏರು ಚಿಕ್ಕದು, ಆದರೆ ಕೈಗಳನ್ನೂ ಊರಿ ಹತ್ತಬೇಕು. ಸಮುದ್ರಮಟ್ಟದಿಂದ ಸುಮಾರು 3,200 ಅಡಿ ಎತ್ತರದ ಬಯಲಿಗೆ ಕಾಲಿಟ್ಟ ಕೂಡಲೇ ಗಾಳಿಯ ಗುಣವೇ ಬದಲಾಯಿತು. ಇದೇ ಗಾಳಿಗಾಗಿ ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ಬಳ್ಳಾರಿ ದಂಡಿನ ಸಿಪಾಯಿಗಳಿಗೆಂದು ಇಲ್ಲಿ ಆರೋಗ್ಯಧಾಮವನ್ನು ಕಟ್ಟಿದ್ದರು. ಆ ಕಾಲದ ಬಂಗಲೆಗಳ ಗೋಡೆಗಳು ಪೊದೆಗಳ ನಡುವೆ ಈಗ ತೆರೆದುಕೊಂಡು ನಿಂತಿವೆ. ಅದಕ್ಕೂ ಹಳೆಯ ಕೋಟೆಯ ಗಾರೆಯಿಲ್ಲದ ಕಲ್ಲುಗೋಡೆ ಅಂಚಿನುದ್ದಕ್ಕೂ ಅಲ್ಲಲ್ಲಿ ಉಳಿದಿದೆ. ಗಂಡುಗಲಿ ಕುಮಾರರಾಮನ ವಂಶದವರ ಹೊಸಮಲೆದುರ್ಗ ಇದೇ ಎನ್ನುವವರಿದ್ದಾರೆ. ಮಳೆಗಾಲದಲ್ಲಿ ಹುಲ್ಲು ಎದೆಯೆತ್ತರ ಬೆಳೆದಾಗ ಈ ಗೋಡೆ ಎಲ್ಲಿ ಮುರಿದು ಎಲ್ಲಿ ಮುಂದುವರಿಯುತ್ತದೆಂದು ತಿಳಿಯುವುದು ಕಷ್ಟ. ನಾವು ಅದರ ಬದಿಯಲ್ಲಿಯೇ ನಡೆದು ಪಶ್ಚಿಮದ ಅಂಚನ್ನು ತಲುಪಿದೆವು.

ಎರಡನೆಯ ನೋಟ ಅಲ್ಲಿಯದು. ಕಾಲ ಬುಡದಿಂದ ಬೆಟ್ಟ ಕಡಿದಾಗಿ ಕೆಳಗಿಳಿಯುತ್ತದೆ, ಆಚೆ ಹೊಸಪೇಟೆಯ ಕಡೆಯ ಬಯಲು, ಅದರಾಚೆ ತುಂಗಭದ್ರಾ ಜಲಾಶಯ. ಬೇಸಿಗೆಯಲ್ಲಿ ನೀರು ಹಿಂದೆ ಸರಿದು, ಅಂಚಿನ ಮಣ್ಣು ಅಗಲವಾದ ಪಟ್ಟಿಯಾಗಿ ಬಯಲಾಗಿತ್ತು. ಜಲಾಶಯದಲ್ಲಿ ಮುಳುಗಿದ ಊರುಗಳಲ್ಲಿ ನಾರಾಯಣದೇವರಕೆರೆಯೂ ಒಂದು. ಬಿಸಿಲೇರಿದಂತೆ ದಿಗಂತ ಮಸುಕಾಗುವುದು ಈ ಕಾಲದ ಒಂದು ದೋಷ; ಸ್ಪಷ್ಟ ನೋಟ ಬೇಕಿದ್ದರೆ ಹತ್ತು ಗಂಟೆಯೊಳಗೆ ಇಲ್ಲಿರಬೇಕು. ಬುತ್ತಿ ಬಿಚ್ಚಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಮತ್ತು ಹಸಿ ಈರುಳ್ಳಿ ತಿಂದೆವು.

ಮಧ್ಯಾಹ್ನವನ್ನು ಊರಿನಲ್ಲಿ ಒಂದು ಮನೆಯ ಪಡಸಾಲೆಯಲ್ಲಿ ಕಳೆದು, ಬೆಟ್ಟದ ನೆರಳು ಪೂರ್ವದ ಇಳಿಜಾರಿಗೆ ಬಿದ್ದ ಮೇಲೆ ಇಳಿಯಲು ತೊಡಗಿದೆವು. ಹೊತ್ತು ಮುಳುಗುವುದರೊಳಗೆ ಕಾಡನ್ನು ಬಿಡಲೇಬೇಕೆಂಬುದು ಕಾಕಾ ಅವರ ಕಟ್ಟುನಿಟ್ಟು, ಏಕೆಂದರೆ ಬೇಸಿಗೆಯಲ್ಲಿ ಕರಡಿಗಳು ಉಳಿದ ನೀರಿನ ಗುಂಡಿಗಳಿಗೆ ಇದೇ ದಾರಿಗಳಲ್ಲಿ ಇಳಿಯುತ್ತವೆ. ಹೋಗುವವರು ತಲೆಗೆ ನಾಲ್ಕು ಲೀಟರಿಗೆ ಕಡಿಮೆಯಿಲ್ಲದಂತೆ ನೀರು ಒಯ್ಯಬೇಕು, ಒರಟು ತಳದ ಬೂಟು ಹಾಕಿಕೊಳ್ಳಬೇಕು, ಕಡ್ಡಿಪೆಟ್ಟಿಗೆಯನ್ನು ಕೆಳಗೇ ಬಿಡಬೇಕು, ಸ್ಥಳೀಯರಿಲ್ಲದೆ ಏರಬಾರದು. ಇಳಿಯುವಾಗ ಕಾಕಾ ಕವಲೊಡೆದಲ್ಲೆಲ್ಲ ನಿಂತು, ಯಾವ ದಾರಿ ಯಾವ ಹಳ್ಳಕ್ಕೆ, ಯಾವುದು ಯಾವ ಮೇವಿನ ಬಯಲಿಗೆ ಹೋಗುತ್ತದೆಂದು ಹೇಳುತ್ತ ಬಂದರು. ಗೆಳೆಯರು ಅವನ್ನೆಲ್ಲ ಪುಸ್ತಕದಲ್ಲಿ ನಕಾಶೆಯಾಗಿ ಗುರುತು ಮಾಡಿಕೊಂಡರು. ಶಾಲೆಯ ಮಕ್ಕಳನ್ನು ಮುಂದಿನ ಬೇಸಿಗೆಗೆ ಮೊದಲ ಬಂಡೆಯವರೆಗಾದರೂ ಕರೆತರಬೇಕೆಂಬುದು ಅವರ ಯೋಚನೆ.