ಮಳೆಗಾಲದಲ್ಲಿ ಹಲ್ಲಿನ ಅಚ್ಚು
ಮಳೆಗಾಲದಲ್ಲಿ ಕಾರವಾರದ ಗಾಳಿಯೇ ಒದ್ದೆ. ನಮ್ಮ ಡೆಂಟಲ್ ಲ್ಯಾಬಲ್ಲಿ ಪ್ಲಾಸ್ಟರ್ ಡಬ್ಬದ ಮುಚ್ಚಳ ಸ್ವಲ್ಪ ಸಡಿಲ ಇದ್ದರೂ ಸಾಕು, ಪುಡಿ ಗಂಟು ಕಟ್ಟುತ್ತದೆ. ಜರಡಿ ಹಿಡಿದು ಬಳಸೋಣ ಅನ್ನುವವರಿದ್ದಾರೆ. ನಾನಂತೂ ಎಸೆಯುತ್ತೇನೆ.

ಆಲ್ಜಿನೇಟ್ ಅನ್ನೋ ಮೆತ್ತನೆ ಪದಾರ್ಥದಲ್ಲಿ ತೆಗೆದ ಹಲ್ಲಿನ ಅಳತೆ ಟ್ರೇಯಲ್ಲಿ ಬಂತೆಂದರೆ ಮೊದಲು ಅದಕ್ಕೆ ಪ್ಲಾಸ್ಟರ್ ಸುರಿಯುವುದು, ಚಾ ಆಮೇಲೆ. ಅದು ಒಣಗಿ ಕುಗ್ಗಿದರೆ ಹಲ್ಲಿನ ಸೆಟ್ ಬಾಯಲ್ಲಿ ಸರಿಯಾಗಿ ಕೂರುವುದಿಲ್ಲ. 100 ಗ್ರಾಂ ಡೆಂಟಲ್ ಸ್ಟೋನ್‌ಗೆ (ಹೆಚ್ಚು ಗಟ್ಟಿಯಾಗುವ ಪ್ಲಾಸ್ಟರ್) ಸುಮಾರು 30 ಮಿಲಿ ನೀರು, ಬಿಳಿ ಪ್ಲಾಸ್ಟರ್‌ಗಾದರೆ 50ರ ಹತ್ತಿರ. ನೀರು ಮೊದಲು, ಪುಡಿ ಆಮೇಲೆ. ಟ್ರೇಯನ್ನು ವೈಬ್ರೇಟರ್ ಮೇಲೆ ಹಿಡಿದು, ಒಂದು ತುದಿಯ ದವಡೆ ಹಲ್ಲಿನಿಂದ ಕಲಸಿದ್ದನ್ನು ಸ್ವಲ್ಪಸ್ವಲ್ಪವೇ ಬಿಡಬೇಕು. ಅದು ಒಂದೊಂದೇ ಹಲ್ಲಿನ ಗುಳಿ ತುಂಬುತ್ತಾ ಮುಂದೆ ಹರಿಯುತ್ತದೆ, ಗುಳ್ಳೆಗಳು ಮೇಲೆ ಬಂದು ಒಡೆಯುತ್ತವೆ. ಸುಮ್ನೆ ನೋಡ್ತಾ ಕೂರೋಣ ಅನ್ನಿಸುತ್ತದೆ!

ಗಟ್ಟಿಯಾಗುವಾಗ ಅಚ್ಚು ಬಿಸಿಯಾಗುತ್ತದೆ. ಮುಕ್ಕಾಲು ಗಂಟೆಯಾದರೂ ಬಿಡಿ. ಅವಸರದಲ್ಲಿ ಕಿತ್ತರೆ ಮುಂದಿನ ಹಲ್ಲೇ ಮುರಿಯೋದು.