ಆರು ಅಂಕಿ ಮರೆತ ಭಾನುವಾರ

ಮೂರು ತಿಂಗಳಿಂದ ಬೀರುವಿನಲ್ಲಿ ಮಲಗಿದ್ದ ಐಪ್ಯಾಡ್ ತೆಗೆದೆ. ಪಾಸ್‌ಕೋಡ್ ಸುತಾರಾಂ ನೆನಪಿಲ್ಲ. ಮದುವೆ ದಿನಾಂಕ ಹಾಕಿದೆ, ಅಲ್ಲ. ಮಗಳ ಹುಟ್ಟುಹಬ್ಬ, ಅದೂ ಅಲ್ಲ. ಹೀಗೇ ಕೆಲವು ಸಲ ತಪ್ಪಿದಾಗ 1 ನಿಮಿಷ ಬೀಗ. ಮತ್ತೆ ತಪ್ಪಿದರೆ 5, ಆಮೇಲೆ 15, ಆಮೇಲೆ ಒಂದು ಗಂಟೆ. ಮಗ್ಗಿ ತಪ್ಪಿದರೆ ನಮ್ಮ ಮೇಷ್ಟ್ರೂ ಹೀಗೇ ಏಟು ಜಾಸ್ತಿ ಮಾಡುತ್ತಿದ್ದರು.

ಕೊನೆಗೆ ಎಲ್ಲಾ ಅಳಿಸಿ, ಆಪಲ್ ಖಾತೆಯ ವಿವರ ಹಾಕಿ, ಬ್ಯಾಕಪ್‌ನಿಂದ ವಾಪಸ್ ತಂದೆ. ಫೋಟೊಗಳು ಒಂದೊಂದಾಗಿ ಬಂದವು. ಐಪ್ಯಾಡ್ ಬೀರು ಸೇರುವ ಮುಂಚೆ ಮಗಳು ಅದರಲ್ಲಿ ಗೀಚಿದ್ದ ಮೂರು ಕಾಲಿನ ಆನೆ ಮಾತ್ರ ಬರಲಿಲ್ಲ. ಕೊನೆಯ ಬ್ಯಾಕಪ್ ಅದಕ್ಕಿಂತ ಹಳೇದು.

ಇಪ್ಪತ್ತು ವರ್ಷದ ಹಿಂದಿನ ಲ್ಯಾಂಡ್‌ಲೈನ್ ನಂಬರ್ ಮಾತ್ರ ಇನ್ನೂ ಬಾಯಲ್ಲೇ ಇದೆ. ವಿಚಿತ್ರ ಅಲ್ವಾ? ಹೊಸ ಪಾಸ್‌ಕೋಡ್ ಅಡುಗೆಮನೆ ಕ್ಯಾಲೆಂಡರ್ ಹಿಂದೆ ಬರೆದಿಟ್ಟಿದ್ದೇನೆ. ಯಾರಿಗೂ ಹೇಳಬೇಡಿ.